ವಾರ್ತೆಯನ್ನು ಅನುಸರಿಸುವುದು ಹಾನಿಕರವೆ? ಗೋರ್ಟಾದ ನಿದರ್ಶನದಿಂದ ಒಂದು ವಿವೇಚನೆ

೧

ದಿನದಿನದ ವಾರ್ತೆಗಳನ್ನು ಅನುಸರಿಸುವುದರಿಂದ ಮನುಷ್ಯನಿಗೆ ಹಿತವುಂಟೆ, ಅಹಿತವೇ ಹೆಚ್ಚೆ ಎಂಬ ಪ್ರಶ್ನೆ ಈಚಿನ ವರ್ಷಗಳಲ್ಲಿ ವಿದ್ಯಾವಂತರ ನಡುವೆ ಮತ್ತೆ ಮತ್ತೆ ಕೇಳಿಬರುತ್ತಿದೆ. ವಾರ್ತೆ ಮನಸ್ಸನ್ನು ಕದಡುತ್ತದೆ, ಏಕಾಗ್ರತೆಯನ್ನು ಕೆಡಿಸುತ್ತದೆ, ನಮ್ಮ ಕೈಯಲ್ಲಿಲ್ಲದ ಸಂಗತಿಗಳಿಗಾಗಿ ನಮ್ಮನ್ನು ನೋಯಿಸುತ್ತದೆ; ಆದುದರಿಂದ ಅದನ್ನು ಬಿಟ್ಟವನೇ ಜಾಣನು ಎಂಬುದು ಒಂದು ಪಕ್ಷ. ಪ್ರಜಾಪ್ರಭುತ್ವದಲ್ಲಿ ಬಾಳುವವನು ವಾರ್ತೆಯನ್ನು ಅರಿಯದೆ ಇರುವುದು ಕರ್ತವ್ಯಲೋಪವೆಂಬುದು ಇನ್ನೊಂದು ಪಕ್ಷ. ಎರಡು ಪಕ್ಷದವರೂ ಸಾಮಾನ್ಯವಾಗಿ ವಾರ್ತೆಯನ್ನು ಓದುವವನನ್ನೇ ಮನಸ್ಸಿನಲ್ಲಿಟ್ಟುಕೊಂಡು ವಾದಿಸುತ್ತಾರೆ. ವಾರ್ತೆ ಯಾರನ್ನು ಕುರಿತದ್ದೋ ಅವರನ್ನು ನೆನೆಯುವುದು ಅಪೂರ್ವ. ಈ ಲೇಖನದಲ್ಲಿ ನಾವು ಆ ದಿಕ್ಕಿನಿಂದ ಪ್ರಶ್ನೆಯನ್ನು ಪರಿಶೀಲಿಸಲು ಯತ್ನಿಸಿದ್ದೇವೆ. ಅದಕ್ಕೆ ನಿದರ್ಶನವಾಗಿ ಬೀದರ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್ ಸೀಮೆಗೆ ಸೇರಿದ ಗೋರ್ಟಾ (ಬಿ) ಗ್ರಾಮವನ್ನೂ, ೧೯೪೮ನೆಯ ಇಸವಿಯಲ್ಲಿ ಅಲ್ಲಿಯೂ ಅದರ ಸುತ್ತಿನ ಪ್ರದೇಶದಲ್ಲಿಯೂ ನಡೆದುದನ್ನೂ ಆರಿಸಿಕೊಂಡಿದ್ದೇವೆ.

ಮೊದಲು ವಾರ್ತೆಯನ್ನು ವಿರೋಧಿಸುವವರ ವಾದವನ್ನು ನ್ಯಾಯವಾಗಿ ನಿರೂಪಿಸುವುದು ಅಗತ್ಯ. ಅಮೆರಿಕದ ಥೋರೋ ೧೮೫೪ರಲ್ಲಿ ಪ್ರಕಟವಾದ ತನ್ನ 'ವಾಲ್ಡನ್' ಗ್ರಂಥದಲ್ಲಿ ವೃತ್ತಪತ್ರಿಕೆಗಳನ್ನು ಬಹಳ ಲಘುವಾಗಿ ಕಂಡಿದ್ದಾನೆ. ಒಂದು ಕಳವನ್ನೋ ಒಂದು ಬೆಂಕಿಯ ಅನಾಹುತವನ್ನೋ ಕುರಿತು ಒಮ್ಮೆ ಓದಿದ ಮೇಲೆ ಅಂಥ ಇನ್ನೊಂದನ್ನು ಓದಬೇಕಾದ ಕಾರಣವಿಲ್ಲ; ತತ್ತ್ವವನ್ನು ತಿಳಿದವನಿಗೆ ಅದರ ಅಸಂಖ್ಯ ಉದಾಹರಣೆಗಳಿಂದ ಆಗಬೇಕಾದುದೇನು ಎಂಬುದು ಅವನ ಅಭಿಪ್ರಾಯದ ಸಾರ. ನೀಲ್ ಪೋಸ್ಟ್‌ಮನ್ ೧೯೮೫ರಲ್ಲಿ ಬರೆದ ಗ್ರಂಥದಲ್ಲಿ ಈ ವಾದವನ್ನು ಇನ್ನಷ್ಟು ಬಿಗಿಗೊಳಿಸಿದನು. ತಂತಿಯ ಸಂಪರ್ಕ ಬರುವ ಮೊದಲು ಮನುಷ್ಯನು ಕೇಳುತ್ತಿದ್ದ ವರ್ತಮಾನಕ್ಕೂ ಅವನು ಮಾಡಬಹುದಾಗಿದ್ದ ಕಾರ್ಯಕ್ಕೂ ಒಂದು ಪ್ರಮಾಣವಿತ್ತು. ತಂತಿಯು ದೂರದೂರದ ಸಂಗತಿಗಳನ್ನು ಮನೆಗೆ ತಂದು ಸುರಿದ ಮೇಲೆ ಆ ಪ್ರಮಾಣ ಕೆಟ್ಟು, ನಾವು ಏನನ್ನೂ ಮಾಡಲಾಗದ ವಿಷಯಗಳೇ ನಮ್ಮ ತಲೆಯನ್ನು ತುಂಬಿದುವು ಎಂದು ಅವನು ತೋರಿಸಿದನು. ನಮ್ಮ ಕಾಲದ ಸ್ವಿಟ್ಜರ್ಲೆಂಡಿನ ಲೇಖಕ ರಾಲ್ಫ್ ಡೊಬೆಲ್ಲಿಯಂತೂ ದೇಹಕ್ಕೆ ಸಕ್ಕರೆ ಹೇಗೋ ಮನಸ್ಸಿಗೆ ವಾರ್ತೆ ಹಾಗೆ ಎಂದು ಹೇಳಿ, ಅದನ್ನು ಪೂರ್ತಿಯಾಗಿ ತ್ಯಜಿಸಿ ಗ್ರಂಥಗಳನ್ನೂ ದೀರ್ಘ ಲೇಖನಗಳನ್ನೂ ಓದಬೇಕೆಂದು ಬೋಧಿಸಿದ್ದಾನೆ.

ಈ ವಾದಗಳಲ್ಲಿ ಸತ್ಯಾಂಶವಿಲ್ಲವೆಂದು ನಾವು ಹೇಳಲಾರೆವು. ಕೈಯಲ್ಲಿರುವ ದೂರವಾಣಿಯ ಪುಟ್ಟ ಪರದೆಯನ್ನು ಗಳಿಗೆಗೊಮ್ಮೆ ನೋಡುತ್ತ, ಒಂದು ಪುಟವನ್ನೂ ನೆಟ್ಟಗೆ ಓದಲಾರದೆ ಹೋಗುವ ವಿದ್ಯಾರ್ಥಿಗಳನ್ನು ಎಲ್ಲ ಅಧ್ಯಾಪಕರೂ ಕಂಡಿದ್ದಾರೆ. ಆದರೆ ಥೋರೋವಿನ ತತ್ತ್ವವನ್ನು ಇತಿಹಾಸದ ಅಭ್ಯಾಸಿಯು ಒಪ್ಪಿದರೆ ಇತಿಹಾಸವೆಂಬ ಶಾಸ್ತ್ರವೇ ಉಳಿಯುವುದಿಲ್ಲ ಎಂಬುದನ್ನು ಗಮನಿಸಬೇಕು. ಬಲಿಷ್ಠನು ದುರ್ಬಲನನ್ನು ಕೊಲ್ಲುತ್ತಾನೆ ಎಂಬ ತತ್ತ್ವವನ್ನು ತಿಳಿದುದರಿಂದ ಯಾವ ಊರಿನಲ್ಲಿ, ಯಾವ ದಿನ, ಯಾರು ಯಾರನ್ನು ಏತಕ್ಕಾಗಿ ಕೊಂದರು, ಯಾರು ತಡೆಯಬಹುದಾಗಿತ್ತು ಎಂಬುದು ತಿಳಿಯುವುದಿಲ್ಲ. ಸತ್ತವರ ಮನೆಯವರ ಪಾಲಿಗೆ ಆ ಘಟನೆ ಯಾವ ತತ್ತ್ವದ ಉದಾಹರಣೆಯೂ ಆಗಿರುವುದಿಲ್ಲ.

೨

ಗೋರ್ಟಾ ಎಂಬ ಹೆಸರಿನ ಮುಂದೆ ಬರೆಯುವ 'ಬಿ' ಎಂಬುದು 'ಬುಜುರ್ಗ' ಎಂಬ ಪಾರಸಿ ಶಬ್ದದ ಸಂಕ್ಷೇಪ. ಒಂದೇ ಹೆಸರಿನ ಎರಡು ಗ್ರಾಮಗಳಲ್ಲಿ ಹಿರಿದನ್ನು ಬುಜುರ್ಗ ಎಂದೂ ಕಿರಿದನ್ನು ಖುರ್ದ ಎಂದೂ ಗುರುತಿಸುವುದು ಈ ಸೀಮೆಯ ಹಳೆಯ ಕಂದಾಯ ಪದ್ಧತಿ. ಈ ಒಂದು ಅಕ್ಷರವೇ ಅಲ್ಲಿನ ಆಡಳಿತದ ಭಾಷೆ ಯಾವುದಾಗಿತ್ತೆಂಬುದಕ್ಕೆ ಸಾಕ್ಷಿ. ನಿಜಾಮರ ಕಾಲದಲ್ಲಿ ರಾಜ್ಯದ ಕಾಗದಪತ್ರವೂ ಉಚ್ಚಶಿಕ್ಷಣವೂ ಉರ್ದುವಿನಲ್ಲಿ ನಡೆಯುತ್ತಿದ್ದುವು; ಗೋರ್ಟಾದ ಸುತ್ತಿನ ಜನ ಮನೆಯಲ್ಲಿ ಕನ್ನಡವನ್ನೋ ಮರಾಠಿಯನ್ನೋ ಆಡುತ್ತಿದ್ದರು. ೧೯೫೧ರ ಜನಗಣತಿಯ ಹೊತ್ತಿಗೂ ಹೈದರಾಬಾದ್ ರಾಜ್ಯದಲ್ಲಿ ಅಕ್ಷರ ಬಲ್ಲವರ ಪ್ರಮಾಣ ನೂರಕ್ಕೆ ಹತ್ತನ್ನು ಮುಟ್ಟಿರಲಿಲ್ಲ. ಪೂರ್ವಾನುಮತಿಯಿಲ್ಲದೆ ಸಭೆ ಸೇರುವುದನ್ನು 'ಗಸ್ತಿ ನಿಶಾನ್ ೫೩' ಎಂಬ ಆಜ್ಞೆ ತಡೆದಿತ್ತು. ೧೯೩೮ರಲ್ಲಿ ಹುಟ್ಟಿದ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ಮೇಲಿನ ನಿಷೇಧ ೧೯೪೬ರವರೆಗೂ ತೆರವಾಗಿರಲಿಲ್ಲ. ಹುಬ್ಬಳ್ಳಿಯಿಂದ ಹೊರಡುತ್ತಿದ್ದ 'ಸಂಯುಕ್ತ ಕರ್ನಾಟಕ' ಗಡಿಯಾಚೆಯ ಪತ್ರಿಕೆ. ಬೆಂಗಳೂರಿನ 'ಪ್ರಜಾವಾಣಿ'ಯಾದರೋ ೧೯೪೮ರ ಅಕ್ಟೋಬರಿನಲ್ಲಿ, ಅಂದರೆ ಎಲ್ಲ ಮುಗಿದ ಮೇಲೆ, ಹುಟ್ಟಿದುದು. ಹೀಗಾಗಿ ಈ ಪ್ರದೇಶದ ಹಳ್ಳಿಗನಿಗೆ ವರ್ತಮಾನವೆಂದರೆ ಸಂತೆಯಲ್ಲಿ ಕೇಳಿದ್ದು, ಬೀಗರ ಊರಿನಿಂದ ಬಂದವರು ಹೇಳಿದ್ದು, ಅಷ್ಟೇ. ವಾರ್ತೆಯಿಲ್ಲದೆ ಬಾಳುವುದು ಹೇಗಿರುತ್ತದೆಂಬುದನ್ನು ಪರೀಕ್ಷಿಸಲು ಥೋರೋವಿನಂತೆ ಕೊಳದ ದಂಡೆಗೆ ಹೋಗಬೇಕಾಗಿಲ್ಲ. ಅಂಥ ಬಾಳು ಇಲ್ಲಿ ಲಕ್ಷಾಂತರ ಜನರ ಮೇಲೆ ಹೇರಲ್ಪಟ್ಟಿತ್ತು.

ಇಂಥ ಪರಿಸ್ಥಿತಿಯಲ್ಲಿ ೧೯೪೮ರ ಮೇ ತಿಂಗಳ ಎರಡನೆಯ ವಾರದಲ್ಲಿ ರಜಾಕಾರರು ಗೋರ್ಟಾದ ಮೇಲೆ ಬಿದ್ದರು. ಊರಿನಲ್ಲಿ ತ್ರಿವರ್ಣ ಧ್ವಜವನ್ನು ಹಾರಿಸಿದುದೂ ರಜಾಕಾರರ ಸ್ಥಳೀಯ ಮುಖಂಡನೊಬ್ಬನ ಕೊಲೆಯೂ ಇದಕ್ಕೆ ಹಿನ್ನೆಲೆಯೆಂದು ಹೇಳುತ್ತಾರೆ. ಸತ್ತವರ ಸಂಖ್ಯೆಯನ್ನು ಸಾಮಾನ್ಯವಾಗಿ ಇನ್ನೂರೆಂದೋ ಅದಕ್ಕೂ ಹೆಚ್ಚೆಂದೋ ಎಣಿಸುತ್ತಾರೆ. ಊರಿನ ದೊಡ್ಡ ಮನೆಯೊಂದರಲ್ಲಿ ಆಶ್ರಯ ಪಡೆದು ನೂರಾರು ಜನ ಉಳಿದರೆಂಬ ನೆನಪೂ ಅಲ್ಲಿ ಉಳಿದು ಬಂದಿದೆ. ಇಂದು ಈ ಘಟನೆಯನ್ನು ಬಲ್ಲವರು ಅದನ್ನು 'ದಕ್ಷಿಣದ ಜಲಿಯನ್‌ವಾಲಾಬಾಗ್' ಎಂದು ಕರೆಯುವುದು ರೂಢಿ. ಈ ಹೆಸರನ್ನು ವಾಚಕರು ಒಂದು ಕ್ಷಣ ಆಲೋಚಿಸಿ ನೋಡಬೇಕು. ನಮ್ಮ ನಾಡಿನ ಊರೊಂದರಲ್ಲಿ ನಡೆದುದನ್ನು ನಮಗೇ ತಿಳಿಯಹೇಳಲು ಪಂಜಾಬಿನ ಹೆಸರು ಬೇಕಾಯಿತು.

ಇದಕ್ಕೆ ಕಾರಣವನ್ನು ಹುಡುಕುವುದು ಕಷ್ಟವಲ್ಲ. ೧೯೧೯ರ ಏಪ್ರಿಲ್ ೧೩ರಂದು ಅಮೃತಸರದಲ್ಲಿ ನಡೆದ ಹತ್ಯೆಯ ವಾರ್ತೆಯನ್ನೂ ಆಗಿನ ಸರ್ಕಾರ ತಡೆಹಿಡಿಯಲು ಯತ್ನಿಸಿತ್ತು. 'ಬಾಂಬೆ ಕ್ರಾನಿಕಲ್' ಪತ್ರಿಕೆಯ ಸಂಪಾದಕ ಹಾರ್ನಿಮನ್ ಅವರನ್ನು ಅದೇ ತಿಂಗಳಿನಲ್ಲಿ ದೇಶದಿಂದ ಹೊರಗಟ್ಟಲಾಯಿತು. ಆದರೆ ಆ ವಾರ್ತೆಯನ್ನು ಬಿಡದೆ ಬೆನ್ನುಹತ್ತಿದವರಿದ್ದರು. ಮೇ ತಿಂಗಳ ಕೊನೆಯಲ್ಲಿ ರವೀಂದ್ರನಾಥ ಠಾಕೂರರು ತಮ್ಮ ನೈಟ್ ಪದವಿಯನ್ನು ತ್ಯಜಿಸಿದರು. ಸರ್ಕಾರ ಹಂಟರ್ ಸಮಿತಿಯನ್ನು ನೇಮಿಸಬೇಕಾಯಿತು. ಕಾಂಗ್ರೆಸ್ಸು ತನ್ನದೇ ಆದ ವಿಚಾರಣೆಯನ್ನು ನಡೆಸಿ ಸಾಕ್ಷಿಗಳ ಹೇಳಿಕೆಗಳನ್ನು ಅಚ್ಚುಮಾಡಿಸಿತು. ಗೋರ್ಟಾಕ್ಕೆ ಈ ಭಾಗ್ಯ ಆ ಪ್ರಮಾಣದಲ್ಲಿ ದೊರೆಯಲಿಲ್ಲ. ಮೇ ತಿಂಗಳಿನ ಹತ್ಯೆಯಾಗಿ ನಾಲ್ಕು ತಿಂಗಳು ಕಳೆದು, ಸೆಪ್ಟೆಂಬರ್ ೧೩ರಂದು ಭಾರತದ ಸೇನೆ ಹೈದರಾಬಾದ್ ರಾಜ್ಯವನ್ನು ಪ್ರವೇಶಿಸಿತು; ೧೭ರಂದು ನಿಜಾಮರ ಪ್ರತಿಭಟನೆ ಮುಗಿಯಿತು. ಎಂಟು ವರ್ಷಗಳ ಬಳಿಕ, ೧೯೫೬ರ ನವೆಂಬರ್ ೧ರಂದು, ಹಳೆಯ ಬೀದರ ಜಿಲ್ಲೆಯೇ ಮೈಸೂರು, ಮುಂಬಯಿ, ಆಂಧ್ರ ಪ್ರದೇಶಗಳಿಗೆ ಹಂಚಿಹೋಯಿತು. ಉರ್ದು ಮತ್ತು ಮರಾಠಿ ಕಾಗದಗಳಲ್ಲಿದ್ದ ನೆನಪು ಕನ್ನಡದ ಪಠ್ಯಗಳನ್ನು ಸೇರುವುದು ಸುಲಭವಾಗಿರಲಿಲ್ಲ. ಗೋರ್ಟಾದಲ್ಲಿ ನೂರಮೂರು ಅಡಿಯ ಧ್ವಜಸ್ತಂಭವುಳ್ಳ ಸ್ಮಾರಕವನ್ನು ಅನಾವರಣ ಮಾಡಿದುದು ೨೦೨೩ರ ಮಾರ್ಚ್ ೨೬ರಂದು, ಎಂದರೆ ಎಪ್ಪತ್ತೈದು ವರ್ಷಗಳು ತುಂಬುತ್ತ ಬಂದಾಗ.

ಓದುಗನು ಏನನ್ನೂ ಮಾಡಲಾಗದ ವಾರ್ತೆ ವ್ಯರ್ಥ ಎಂಬ ಪೋಸ್ಟ್‌ಮನ್ನನ ಆಕ್ಷೇಪಕ್ಕೆ ಇಲ್ಲಿಯೇ ಒಂದು ಮಾತು ಹೇಳಬಹುದು. ೧೯೪೩ರ ಬಂಗಾಳದ ಕ್ಷಾಮದಲ್ಲಿ 'ಸ್ಟೇಟ್ಸ್‌ಮನ್' ಪತ್ರಿಕೆಯ ಸಂಪಾದಕ ಇಯಾನ್ ಸ್ಟೀಫನ್ಸ್ ಆಗಸ್ಟ್ ೨೨ರಂದು ಕಲ್ಕತ್ತೆಯ ಬೀದಿಗಳಲ್ಲಿ ಹಸಿದು ಬಿದ್ದವರ ಚಿತ್ರಗಳನ್ನು ಅಚ್ಚುಹಾಕಿದನು. ಆ ಚಿತ್ರಗಳನ್ನು ನೋಡಿದ ಒಬ್ಬೊಬ್ಬ ಓದುಗನು ಮಾಡಬಹುದಾಗಿದ್ದುದು ಅತ್ಯಲ್ಪ. ಆದರೆ ಎಲ್ಲರೂ ನೋಡಿದ ಮೇಲೆ ಕ್ಷಾಮವನ್ನು ಅಡಗಿಸಿಡುವುದು ಸರ್ಕಾರಕ್ಕೆ ಅಸಾಧ್ಯವಾಯಿತು. ಅಷ್ಟರಲ್ಲಿ ತಡವಾಗಿತ್ತು, ಸರ್ಕಾರದ ಸಮಿತಿಯೇ ಸತ್ತವರನ್ನು ಹದಿನೈದು ಲಕ್ಷವೆಂದು ಅಂದಾಜು ಮಾಡಿತು. ಓದುಗನ ಒಬ್ಬೊಂಟಿ ಸಾಮರ್ಥ್ಯವನ್ನು ಅಳೆದು ವಾರ್ತೆಯ ಬೆಲೆಯನ್ನು ಕಟ್ಟಲಾಗದು ಎಂಬುದಕ್ಕೆ ಈ ಒಂದು ನಿದರ್ಶನ ಸಾಕು.

ವಾರ್ತೆಯ ಬೆಲೆಯನ್ನು ಅದರ ವೈರಿಗಳು ನಮಗಿಂತ ಚೆನ್ನಾಗಿ ಬಲ್ಲರು. ಹೈದರಾಬಾದಿನಲ್ಲಿ 'ಇಮ್ರೋಜ್' ಎಂಬ ಉರ್ದು ದಿನಪತ್ರಿಕೆಯನ್ನು ನಡೆಸುತ್ತಿದ್ದ ಶೋಯಬುಲ್ಲಾ ಖಾನರು ರಜಾಕಾರರನ್ನು ಖಂಡಿಸಿ, ರಾಜ್ಯ ಭಾರತದಲ್ಲಿ ಸೇರಬೇಕೆಂದು ಬರೆಯುತ್ತಿದ್ದರು. ೧೯೪೮ರ ಆಗಸ್ಟ್ ೨೧ರ ರಾತ್ರಿ ಕಚೇರಿಯಿಂದ ಮನೆಗೆ ಮರಳುವಾಗ ಅವರ ಮೇಲೆ ಆಕ್ರಮಣ ನಡೆಯಿತು. ಅವರ ಕೈಯನ್ನು ಕತ್ತರಿಸಲಾಯಿತು. ಬೆಳಗಾಗುವುದರೊಳಗೆ ಅವರು ತೀರಿಕೊಂಡರು. ಮುಸಲ್ಮಾನರೇ ಆದ ಅವರು ಮುಸಲ್ಮಾನ ರಾಜ್ಯವೊಂದರ ಹೆಸರಿನಲ್ಲಿ ನಡೆಯುತ್ತಿದ್ದ ಅನ್ಯಾಯವನ್ನು ಬರೆದು ಪ್ರಾಣ ತೆತ್ತರೆಂಬುದನ್ನು ಮುಂದಿನ ವಿವೇಚನೆಗಾಗಿ ನೆನಪಿನಲ್ಲಿಡಬೇಕು.

೩

ಇಷ್ಟಕ್ಕೇ ನಿಲ್ಲಿಸಿದ್ದರೆ ನಮ್ಮ ವಿಷಯ ಸುಲಭವಾಗುತ್ತಿತ್ತು. ವಾರ್ತೆ ಇಲ್ಲದಿದ್ದುದರಿಂದ ಹಾನಿ, ಇದ್ದರೆ ಹಿತ ಎಂದು ತೀರ್ಮಾನಿಸಿಬಿಡಬಹುದಾಗಿತ್ತು. ಆದರೆ ಅದೇ ಇಸವಿಯ ಸೆಪ್ಟೆಂಬರಿನ ಅನಂತರ ನಡೆದುದು ಈ ತೀರ್ಮಾನಕ್ಕೆ ಅಡ್ಡಬರುತ್ತದೆ.

ನಿಜಾಮರ ಸೇನೆ ಶರಣಾದ ದಿನಗಳಲ್ಲಿಯೂ ಅದರ ಮುಂದಿನ ವಾರಗಳಲ್ಲಿಯೂ ರಾಜ್ಯದ ಅನೇಕ ಕಡೆಗಳಲ್ಲಿ ಮುಸಲ್ಮಾನರ ಹತ್ಯೆಗಳು ನಡೆದುವು. ಇವನ್ನು ಕುರಿತು ವರದಿ ಮಾಡಲು ಪ್ರಧಾನಿ ನೆಹರೂ ಅವರ ಕೋರಿಕೆಯಂತೆ ಪಂಡಿತ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ ಇವರಿದ್ದ ಮಂಡಲಿಯೊಂದು ಹೈದರಾಬಾದಿಗೆ ಬಂದಿತು. ೧೯೪೮ರ ನವೆಂಬರ್ ೨೯ರಿಂದ ಡಿಸೆಂಬರ್ ೨೧ರವರೆಗಿನ ಅವಧಿಯಲ್ಲಿ ಅವರು ಹದಿನಾರು ಜಿಲ್ಲೆಗಳಲ್ಲಿ ಒಂಬತ್ತನ್ನು ಸುತ್ತಿದರು. ಏಳು ಜಿಲ್ಲಾ ಕೇಂದ್ರಗಳನ್ನೂ ಇಪ್ಪತ್ತೊಂದು ಪಟ್ಟಣಗಳನ್ನೂ ಇಪ್ಪತ್ತಮೂರು ಹಳ್ಳಿಗಳನ್ನೂ ಕಂಡರು. ತಾವು ಹೋಗಲಾಗದ ನೂರೊಂಬತ್ತು ಹಳ್ಳಿಗಳ ಐನೂರಕ್ಕೂ ಹೆಚ್ಚು ಜನರನ್ನು ವಿಚಾರಿಸಿದರು. ಸೇನಾಕಾರ್ಯದ ಕಾಲದಲ್ಲಿಯೂ ಅನಂತರವೂ ರಾಜ್ಯದಲ್ಲಿ ಸತ್ತವರು ಇಪ್ಪತ್ತೇಳು ಸಾವಿರದಿಂದ ನಲವತ್ತು ಸಾವಿರ ಎಂದು ಅವರ ಅಂದಾಜು. ಅತ್ಯಂತ ಹಾನಿಗೊಳಗಾದ ಜಿಲ್ಲೆಗಳೆಂದು ಅವರು ಹೆಸರಿಸಿದುವು ನಾಲ್ಕು: ಉಸ್ಮಾನಾಬಾದ್, ಗುಲಬರ್ಗಾ, ಬೀದರ ಮತ್ತು ನಾಂದೇಡ. ಗೋರ್ಟಾ ಇರುವ ಜಿಲ್ಲೆ ಇವುಗಳಲ್ಲಿ ಒಂದು.

ಈ ವರದಿಯ ಎರಡು ಮಾತುಗಳು ನಮ್ಮ ವಿಷಯಕ್ಕೆ ಮುಖ್ಯ. ಮೊದಲನೆಯದು, ಹತ್ಯೆ ಮಾಡಿದವರು ರಜಾಕಾರರಿಂದ ನೊಂದವರಷ್ಟೇ ಆಗಿರಲಿಲ್ಲ, ಗಡಿಯಾಚೆಯಿಂದ ಬಂದು ಸೇರಿದ ಗುಂಪುಗಳೂ ಇದ್ದುವು ಎಂಬುದು. ಸ್ವತಃ ಏನನ್ನೂ ಅನುಭವಿಸದ ಈ ಜನರ ಬಳಿ ಇದ್ದುದೇನು? ಕೇಳಿದ ವಾರ್ತೆ. ಲೂಟಿಯ ಆಸೆಯೂ ಇದ್ದಿರಬಹುದು. ಆದರೆ ಗೋರ್ಟಾದಂಥ ಊರುಗಳಲ್ಲಿ ನಡೆದುದರ ಸುದ್ದಿ ಅವರ ಕೈಗೆ ನೆಪವನ್ನು ಕೊಟ್ಟಿತೆಂದು ಊಹಿಸುವುದು ಅಯುಕ್ತವಾಗದು. ಆ ಸುದ್ದಿ ಸುಳ್ಳಾಗಿರಲಿಲ್ಲ. ರಜಾಕಾರರು ಕೊಂದುದು ನಿಜ. ಆದರೆ 'ಕೊಂದವರು ರಜಾಕಾರರು' ಎಂಬುದು ಬಾಯಿಂದ ಬಾಯಿಗೆ ಹೋಗುತ್ತ 'ಕೊಂದವರು ಮುಸಲ್ಮಾನರು' ಎಂದಾಯಿತು. ಶೋಯಬುಲ್ಲಾ ಖಾನರೂ ಮುಸಲ್ಮಾನರೇ ಎಂಬ ಇನ್ನೊಂದು ನಿಜವಾದ ವಾರ್ತೆ ಅದರ ಬೆನ್ನಿಗೆ ಹೋಗಲಿಲ್ಲ. ವಾರ್ತೆ ಹಾನಿಕರವೆನ್ನುವವರು ತಮ್ಮ ವಾದಕ್ಕೆ ಇದಕ್ಕಿಂತ ಬಲವಾದ ಆಧಾರವನ್ನು ಕಾಣಲಾರರು. ನಿದ್ರೆ ಕೆಡುವುದು, ಏಕಾಗ್ರತೆ ಕೆಡುವುದು ಇವೆಲ್ಲ ಇದರ ಮುಂದೆ ಅಲ್ಪ.

ಎರಡನೆಯ ಮಾತು ಇದಕ್ಕೆ ಪ್ರತಿಯಾಗಿ ನಿಲ್ಲುವಂಥದು. ಅನೇಕ ಕಡೆ ಹಿಂದೂಗಳು ಮುಸಲ್ಮಾನ ನೆರೆಯವರನ್ನು ಕಾಪಾಡಿದರೆಂದೂ, ಒಂದೇ ಕಸಬಿನವರ ನಡುವೆ ಈ ಬಾಂಧವ್ಯ ವಿಶೇಷವಾಗಿ ಕಂಡಿತೆಂದೂ, ಹಿಂದೂ ನೇಕಾರರು ತಮ್ಮ ಪ್ರಾಣವನ್ನೂ ಲೆಕ್ಕಿಸದೆ ಮುಸಲ್ಮಾನ ನೇಕಾರರ ರಕ್ಷಣೆಗೆ ನಿಂತರೆಂದೂ ವರದಿ ತಿಳಿಸುತ್ತದೆ. ರಜಾಕಾರರ ವಾರ್ತೆಯನ್ನು ಈ ನೇಕಾರರೂ ಕೇಳಿಯೇ ಇದ್ದರು. ಆದರೆ ಅವರಿಗೆ ಆ ವಾರ್ತೆಯೊಂದಿಗೆ ಇನ್ನೊಂದು ತಿಳಿವೂ ಇತ್ತು. ಪಕ್ಕದ ಮಗ್ಗದಲ್ಲಿ ಕುಳಿತವನು ಯಾರು, ಅವನು ಮೇ ತಿಂಗಳಿನಲ್ಲಿ ಎಲ್ಲಿದ್ದನು, ಏನು ಮಾಡಿದನು ಎಂಬುದನ್ನು ಅವರು ಬಲ್ಲವರಾಗಿದ್ದರು. ಕೇಳಿದುದನ್ನು ಕಂಡುದರೊಡನೆ ಹೋಲಿಸಿ ನೋಡುವ ಅನುಕೂಲ ಅವರಿಗಿತ್ತು; ಗಡಿಯಾಚೆಯಿಂದ ಬಂದವರಿಗೆ ಅದಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಇದು ವರದಿಯ ಮಾತಲ್ಲ, ಅದನ್ನು ಓದಿ ನಾವು ಮಾಡುವ ತರ್ಕವೆಂದು ವಾಚಕರು ತಿಳಿಯಬೇಕು.

ಈ ವರದಿಗೆ ಆದುದೇನೆಂಬುದೂ ವಾರ್ತೆಯ ಚರಿತ್ರೆಗೇ ಸೇರಿದುದು. ಅದನ್ನು ಸರ್ಕಾರ ಪ್ರಕಟಿಸಲಿಲ್ಲ. ಕೆಲವು ಭಾಗಗಳು ಮುಂದೆ ಹೊರಗೆ ಬಂದುವಾದರೂ, ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಮೂಲವನ್ನು ಸಾರ್ವಜನಿಕರು ನೋಡಬಹುದೆಂಬುದು ೨೦೧೩ರಲ್ಲಿ ಪ್ರಸಿದ್ಧಿಗೆ ಬಂದಿತು. ಹೊಸದಾಗಿ ಹುಟ್ಟಿದ ದೇಶದ ಶಾಂತಿಗಾಗಿ ಇಂಥ ವಾರ್ತೆಯನ್ನು ತಡೆದುದು ಉಚಿತವೆಂದು ವಾದಿಸುವವರಿರಬಹುದು. ಆ ವಾದವನ್ನು ತಳ್ಳಿಹಾಕುವ ಮೊದಲು ಅದನ್ನು ಪರೀಕ್ಷಿಸಬೇಕು. ಅರುವತ್ತೈದು ವರ್ಷಗಳ ಮೌನದಿಂದ ನೆನಪು ಅಳಿಯಿತೆ? ಅಳಿಯಲಿಲ್ಲ. ಒಂದು ಕಡೆಯವರು ಮೇ ತಿಂಗಳನ್ನು ನೆನೆದರು, ಇನ್ನೊಂದು ಕಡೆಯವರು ಸೆಪ್ಟೆಂಬರಿನ ಅನಂತರದ ದಿನಗಳನ್ನು ನೆನೆದರು. ಇಬ್ಬರ ಬಳಿಯೂ ಇದ್ದುದು ಅರ್ಧ ವಾರ್ತೆ. ತನ್ನ ಅರ್ಧವೇ ಪೂರ್ಣವೆಂದು ಇಬ್ಬರೂ ನಂಬಿದರೆ ಅದು ಮೌನದ ಫಲವೇ ಸರಿ.

೪

ಈ ಸ್ಥಿತಿಯನ್ನು ಅರಿಯಲು ಫ್ರಾನ್ಸಿನ ಇತಿಹಾಸಕಾರ ಮಾರ್ಕ್ ಬ್ಲಾಕ್ ೧೯೨೧ರಲ್ಲಿ ಬರೆದ ಲೇಖನವೊಂದು ನೆರವಾಗುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ ಸ್ವತಃ ಸೈನಿಕನಾಗಿದ್ದ ಅವನು ಯುದ್ಧಕಾಲದ ಸುಳ್ಳುಸುದ್ದಿಗಳನ್ನು ಇತಿಹಾಸಶಾಸ್ತ್ರದ ದೃಷ್ಟಿಯಿಂದ ಪರಿಶೀಲಿಸಿದನು. ಸರ್ಕಾರ ಪತ್ರಿಕೆಗಳನ್ನು ಕತ್ತರಿಸಿ ಅಚ್ಚುಹಾಕಿಸುತ್ತಿದ್ದುದರಿಂದ, ಅಚ್ಚಾದುದನ್ನು ಬಿಟ್ಟು ಬೇರೆ ಏನು ಬೇಕಾದರೂ ನಿಜವಿರಬಹುದೆಂಬ ಭಾವನೆ ಕಂದಕಗಳಲ್ಲಿದ್ದ ಸೈನಿಕರಲ್ಲಿ ಬೇರೂರಿತು. ಮುದ್ರಣದ ಯುಗದಲ್ಲಿದ್ದ ಜನ ಹೀಗೆ ಬಾಯಿಮಾತಿನ ಯುಗಕ್ಕೆ ಮರಳಿದರು. ಬೇರೆ ಬೇರೆ ತುಕಡಿಗಳ ಆಳುಗಳು ಊಟವನ್ನು ಒಯ್ಯಲು ಬಂದು ಕಲೆಯುತ್ತಿದ್ದ ಸೇನೆಯ ಅಡಿಗೆಯ ಬಂಡಿಗಳೇ ಸುದ್ದಿಯ ಸಂತೆಯಾದುವು.

ಬ್ಲಾಕನ ಇನ್ನೊಂದು ನಿರೀಕ್ಷಣೆ ಹೆಚ್ಚು ಗಹನವಾದುದು. ಸುಳ್ಳುಸುದ್ದಿ ಎಲ್ಲಿಂದಲೋ ಬಂದು ಬೀಳುವುದಿಲ್ಲ. ಅದಕ್ಕೆ ಮೊದಲೇ ಜನರ ಮನಸ್ಸಿನಲ್ಲಿ ನೆಲ ಹದವಾಗಿರುತ್ತದೆ. ೧೯೧೪ರಲ್ಲಿ ಬೆಲ್ಜಿಯಮ್ಮನ್ನು ಹೊಕ್ಕ ಜರ್ಮನ್ ಸೈನಿಕರು ಅಲ್ಲಿನ ನಾಗರಿಕರು ಮರೆಯಲ್ಲಿ ನಿಂತು ಗುಂಡುಹಾರಿಸುವರೆಂದು ಮೊದಲೇ ನಂಬಿಕೊಂಡಿದ್ದರು. ಮನೆಗಳ ಗೋಡೆಯಲ್ಲಿ ಕಟ್ಟಡದ ಕೆಲಸಕ್ಕಾಗಿ ಬಿಟ್ಟಿದ್ದ ಚಿಕ್ಕ ಕಿಂಡಿಗಳನ್ನು ಕಂಡಾಗ ಅವು ಗುಂಡುಹಾರಿಸುವುದಕ್ಕೆ ಮಾಡಿದುವೆಂದೇ ಅವರಿಗೆ ತೋರಿತು. ಈ ತಪ್ಪುಗ್ರಹಿಕೆಯ ಬೆಲೆಯನ್ನು ಅಮಾಯಕರು ತಮ್ಮ ಪ್ರಾಣದಿಂದ ತೆತ್ತರು.

ಬ್ಲಾಕನ ವಿವೇಚನೆಯಿಂದ ನಾವು ಪಡೆಯಬೇಕಾದ ಪಾಠವೆಂದರೆ, ವಾರ್ತೆಯನ್ನು ತಡೆಯುವುದರಿಂದ ಆಗಲಿ ತ್ಯಜಿಸುವುದರಿಂದ ಆಗಲಿ ಜನ ಸುದ್ದಿಯಿಲ್ಲದೆ ಬಾಳುವುದಿಲ್ಲ ಎಂಬುದು. ಮನುಷ್ಯನು ಪತ್ರಿಕೆಯನ್ನು ಬಿಡಬಹುದು, ನೆರೆಯವನ ಮಾತನ್ನು ಬಿಡಲಾರನು. ಡೊಬೆಲ್ಲಿಯ ಬೋಧನೆಯಲ್ಲಿ ನಮಗೆ ಕಾಣುವ ಕೊರತೆ ಇದು. ಪರೀಕ್ಷಿಸಿದ ವಾರ್ತೆಯನ್ನು ವಿವೇಕಿಗಳೆಲ್ಲ ಬಿಟ್ಟು ಗ್ರಂಥಗಳನ್ನು ಓದುತ್ತ ಕುಳಿತರೆ, ಊರಿನಲ್ಲಿ ಉಳಿಯುವುದು ಪರೀಕ್ಷಿಸದ ಸುದ್ದಿ ಮಾತ್ರ. ಆ ಸುದ್ದಿಯ ಫಲವನ್ನು ಉಣ್ಣುವವರು ಗ್ರಂಥ ಓದುವವರಾಗಿರುವುದಿಲ್ಲ.

೫

ಇದು ಹಳೆಯ ಕಾಲದ ಮಾತು, ಈಗ ವಾರ್ತೆಯ ಕ್ಷಾಮವಿಲ್ಲ, ಪ್ರವಾಹವಿದೆ ಎಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪಕ್ಕೆ ಉತ್ತರವೂ ಅದೇ ಬೀದರ ಜಿಲ್ಲೆಯಲ್ಲಿದೆ. ೨೦೧೮ರ ಜುಲೈ ೧೩ರಂದು, ಆಗ ಔರಾದ್ ತಾಲ್ಲೂಕಿಗೆ ಸೇರಿದ್ದ ಮುರ್ಕಿ ಎಂಬ ಊರಿನಲ್ಲಿ, ಹೈದರಾಬಾದಿನಿಂದ ಬಂದಿದ್ದ ತರುಣನೊಬ್ಬನನ್ನು ಜನರ ಗುಂಪು ಹೊಡೆದು ಕೊಂದಿತು; ಅವನೊಡನೆ ಇದ್ದವರು ಗಾಯಗೊಂಡರು. ಅವರ ಸಂಗಡ ಇದ್ದವನೊಬ್ಬನು ದಾರಿಯ ಹಳ್ಳಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದನು. ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುದ್ದಿ ಆ ತಿಂಗಳುಗಳಲ್ಲಿ ದೇಶದ ಅನೇಕ ಭಾಗಗಳಲ್ಲಿ ವಾಟ್ಸಾಪಿನ ಮೂಲಕ ಹರಡಿ, ಜನರ ಮನಸ್ಸು ಬ್ಲಾಕನು ಹೇಳಿದಂತೆ ಮೊದಲೇ ಹದವಾಗಿತ್ತು. ಬಂದವರು ಗಾಬರಿಯಿಂದ ಕಾರಿನಲ್ಲಿ ಹೊರಟರೆ, ಸುದ್ದಿ ಕಾರಿಗಿಂತ ಮುಂಚೆ ಮುರ್ಕಿಯನ್ನು ಮುಟ್ಟಿತ್ತು. ಬೆಲ್ಜಿಯಮ್ಮಿನ ಗೋಡೆಯ ಕಿಂಡಿಗೂ ಬೀದರಿನ ಚಾಕೊಲೇಟಿಗೂ ಹೆಚ್ಚಿನ ಅಂತರವಿಲ್ಲ. ಅದೇ ತಿಂಗಳಿನಲ್ಲಿ ವಾಟ್ಸಾಪ್ ಸಂಸ್ಥೆ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ದಾಟಿಸದಂತೆ ಮಿತಿಯನ್ನು ತರುವುದಾಗಿ ಪ್ರಕಟಿಸಿತು.

೧೯೪೮ರ ಗೋರ್ಟಾದಲ್ಲಿ ಸುದ್ದಿ ಊರಿನಿಂದ ಹೊರಗೆ ಹೋಗಲಾರದೆ ಜನ ಸತ್ತರು. ೨೦೧೮ರ ಮುರ್ಕಿಯಲ್ಲಿ ಸುದ್ದಿ ಊರಿನೊಳಕ್ಕೆ ಅತಿ ಬೇಗ ಬಂದು ಒಬ್ಬನು ಸತ್ತನು. ಮೇಲುನೋಟಕ್ಕೆ ಇವು ಪರಸ್ಪರ ವಿರುದ್ಧವಾದ ಸಂಗತಿಗಳು. ಆದರೆ ಎರಡರಲ್ಲಿಯೂ ಇಲ್ಲದೆ ಹೋದುದು ಒಂದೇ: ಕೇಳಿದುದನ್ನು ಅದರ ಮೂಲದವರೆಗೂ ಕೊನೆಯವರೆಗೂ ಹಿಂಬಾಲಿಸುವವರು. ಯಾರ ಮಗು ಕಾಣೆಯಾಗಿದೆ, ಯಾವ ಊರಿನಲ್ಲಿ, ಯಾವ ದಿನ, ಯಾರು ಕಂಡರು ಎಂದು ಮುರ್ಕಿಯ ದಾರಿಯಲ್ಲಿ ಕೇಳಿದ್ದರೆ ಆ ಸುದ್ದಿ ಅಲ್ಲಿಯೇ ನಿಲ್ಲುತ್ತಿತ್ತು. ಇವು ಇತಿಹಾಸದ ಮೊದಲ ತರಗತಿಯಲ್ಲಿ ನಾವು ಶಾಸನವೊಂದನ್ನು ಮುಂದಿಟ್ಟುಕೊಂಡು ಕೇಳಿಸುವ ಪ್ರಶ್ನೆಗಳೇ ಆಗಿವೆ.

ಶಾಸನದ ಮಾತು ಬಂದುದರಿಂದ ಒಂದು ಹೋಲಿಕೆಯನ್ನು ಹೇಳಬಹುದು. ನಮ್ಮ ನಾಡಿನ ಊರೂರುಗಳಲ್ಲಿ ನಿಂತಿರುವ ವೀರಗಲ್ಲುಗಳು ಒಂದು ಅರ್ಥದಲ್ಲಿ ವಾರ್ತೆಗಳೇ. ತುರುಗಳನ್ನು ಹಿಂದಕ್ಕೆ ತರಲು ಹೋಗಿ ಸತ್ತವನು ಯಾರು, ಯಾವ ಅರಸನ ಕಾಲ, ಯಾವ ಊರು, ಕಲ್ಲನ್ನು ನಿಲ್ಲಿಸಿದವರು ಯಾರು ಎಂಬುದನ್ನು ಅವು ಅನೇಕ ವೇಳೆ ಹೇಳುತ್ತವೆ. ಹೇಳಿದವನು ತನ್ನ ಹೆಸರನ್ನೂ ಕೊಟ್ಟು ಹೊಣೆ ಹೊರುತ್ತಾನೆ. ಇಂದು ಒಬ್ಬರಿಂದೊಬ್ಬರಿಗೆ ದಾಟುವ ಸಂದೇಶಕ್ಕೆ ಊರಿಲ್ಲ, ದಿನವಿಲ್ಲ, ಹೇಳಿದವನ ಹೆಸರಿಲ್ಲ. ಕನ್ನಡದ 'ಸುದ್ದಿ' ಎಂಬ ಶಬ್ದ ಸಂಸ್ಕೃತದ 'ಶುದ್ಧಿ' ಎಂಬುದರ ತದ್ಭವವೆಂದು ನಿಘಂಟುಕಾರರು ಹೇಳುತ್ತಾರೆ. ಶೋಧಿಸಿ ತಿಳಿದುದು ಸುದ್ದಿ ಎಂಬ ಅರ್ಥವನ್ನು ನಾವು ಅದರಲ್ಲಿ ಕಂಡರೆ ತಪ್ಪಾಗಲಾರದು.

೬

ಈಗ ಮೊದಲಿನ ಪ್ರಶ್ನೆಗೆ ಮರಳೋಣ. ವಾರ್ತೆಯನ್ನು ಅನುಸರಿಸುವುದು ಹಾನಿಕರವೆ? ವಾರ್ತೆಯನ್ನು 'ಕೇಳುವುದು' ಬೇರೆ, 'ಅನುಸರಿಸುವುದು' ಬೇರೆ ಎಂಬ ವ್ಯತ್ಯಾಸವನ್ನು ಮಾಡದೆ ಇದಕ್ಕೆ ಉತ್ತರ ಹೇಳಲಾಗದು. ದಿನಕ್ಕೆ ನೂರು ಸಂಗತಿಗಳನ್ನು ಕೇಳಿ, ಒಂದನ್ನೂ ಮರುದಿನ ನೆನೆಯದೆ ಇರುವುದನ್ನು ಥೋರೋವೂ ಪೋಸ್ಟ್‌ಮನ್ನನೂ ಹಳಿದುದು ಸರಿಯೇ. ಅದರಿಂದ ಕೇಳುವವನಿಗೆ ಚಿತ್ತಚಾಂಚಲ್ಯ, ಸಂಗತಿಗೆ ಸೇರಿದವರಿಗೆ ಶೂನ್ಯ. ಒಂದನ್ನೇ ಹಿಡಿದು, ಅದರ ಮೂಲವನ್ನು ವಿಚಾರಿಸಿ, ಎದುರು ಪಕ್ಷದ ಹೇಳಿಕೆಯನ್ನೂ ಓದಿ, ಮುಂದೇನಾಯಿತೆಂದು ವರ್ಷ ಕಳೆದ ಮೇಲೂ ಕೇಳುವವನನ್ನು ಮಾತ್ರ ವಾರ್ತೆಯನ್ನು ಅನುಸರಿಸಿದವನೆಂದು ಹೇಳತಕ್ಕದ್ದು. ಅಂಥವರು ಅಮೃತಸರಕ್ಕೆ ಇದ್ದರು. ಗೋರ್ಟಾಕ್ಕೆ ಸಾಕಷ್ಟು ಇರಲಿಲ್ಲ. ಸೆಪ್ಟೆಂಬರಿನ ಅನಂತರ ಸತ್ತವರಿಗೆ ಇನ್ನೂ ಕಡಿಮೆ.

ಗೋರ್ಟಾದ ಸ್ಮಾರಕ ಇಂದು ಎಲ್ಲರಿಗೂ ಕಾಣುವಂತೆ ನಿಂತಿರುವುದು ಸಂತೋಷದ ವಿಷಯ. ಆದರೆ ಸ್ಮಾರಕವನ್ನು ಕಟ್ಟಿದುದರಿಂದ ವಿಚಾರಣೆ ಮುಗಿಯಿತೆಂದು ಇತಿಹಾಸದ ವಿಭಾಗಗಳು ತಿಳಿಯಬಾರದು. ಸತ್ತವರೆಲ್ಲರ ಹೆಸರು, ಕುಲ, ಕಸಬುಗಳ ಪಟ್ಟಿ ಯಾವ ಯಾವ ಆಧಾರದ ಮೇಲೆ ನಿಲ್ಲುತ್ತದೆ, ಉರ್ದು ಕಾಗದಗಳಲ್ಲಿ ಏನಿದೆ, ಮರಾಠಿಯ ಬರಹಗಳಲ್ಲಿ ಏನಿದೆ, ಊರಿನ ಹಿರಿಯರ ನೆನಪು ಇವುಗಳೊಡನೆ ಎಲ್ಲಿ ಕೂಡುತ್ತದೆ, ಎಲ್ಲಿ ಬೇರಾಗುತ್ತದೆ ಎಂಬುದನ್ನು ಒಬ್ಬಿಬ್ಬರು ವಿದ್ಯಾರ್ಥಿಗಳು ಕೈಗೆತ್ತಿಕೊಂಡರೆ ಕೆಲವು ವರ್ಷಗಳ ಕೆಲಸವಿದೆ. ಅವರು ಉರ್ದು ಲಿಪಿಯನ್ನು ಕಲಿಯಬೇಕಾದೀತು, ಕಲಿಯಲಿ. ಅದೇ ವಿದ್ಯಾರ್ಥಿಗಳು ಸುಂದರಲಾಲರ ವರದಿಯನ್ನೂ ಮುಂದಿಟ್ಟುಕೊಂಡು, ಅದೇ ವರ್ಷದ ಕೊನೆಯ ತಿಂಗಳುಗಳಲ್ಲಿ ಅದೇ ಸೀಮೆಯಲ್ಲಿ ಯಾರು ಸತ್ತರು, ಯಾರು ಯಾರನ್ನು ಕಾಪಾಡಿದರು ಎಂಬುದನ್ನೂ ವಿಚಾರಿಸಬೇಕು. ಒಂದನ್ನು ಮಾಡಿ ಇನ್ನೊಂದನ್ನು ಬಿಟ್ಟರೆ ನಾವೂ ಅರ್ಧ ವಾರ್ತೆಯನ್ನೇ ಮುಂದಕ್ಕೆ ದಾಟಿಸಿದವರಾಗುತ್ತೇವೆ. ಎರಡು ಸಂಕಟಗಳನ್ನು ತೂಗಿ ಒಂದಕ್ಕೆ ಇನ್ನೊಂದನ್ನು ವಜಾ ಮಾಡುವುದಕ್ಕಾಗಿ ಈ ಕೆಲಸವಲ್ಲ. ಎರಡೂ ನಡೆದುವು, ಎರಡರಲ್ಲಿಯೂ ಸತ್ತವರಿಗೆ ಹೆಸರುಗಳಿದ್ದುವು ಎಂಬುದನ್ನು ಕಂಡುಕೊಳ್ಳುವುದಕ್ಕಾಗಿ.

ಇತಿಹಾಸವನ್ನೇ ವಿಷಯವಾಗಿ ಓದದ ವಿದ್ಯಾರ್ಥಿಗಳಿಗೂ ನಮ್ಮದೊಂದು ಸಲಹೆಯಿದೆ. ವರ್ಷದ ಆರಂಭದಲ್ಲಿ ತಮ್ಮ ತಾಲ್ಲೂಕಿಗೆ ಸಂಬಂಧಿಸಿದ ಒಂದೇ ಒಂದು ಸಂಗತಿಯನ್ನು, ಒಂದು ಕೆರೆಯದೋ ಒಂದು ಶಾಲೆಯದೋ ಒಂದು ಮೊಕದ್ದಮೆಯದೋ, ಆರಿಸಿಕೊಂಡು, ಅದನ್ನು ಕುರಿತು ಪತ್ರಿಕೆಗಳಲ್ಲಿ ಬಂದುದನ್ನೆಲ್ಲ ದಿನಾಂಕದೊಡನೆ ಒಂದು ಪುಸ್ತಕದಲ್ಲಿ ಅಂಟಿಸುತ್ತ ಹೋಗಲಿ. ಬಾರದೆ ಹೋದುದನ್ನು ತಾವೇ ಹೋಗಿ ವಿಚಾರಿಸಿ ಬರೆಯಲಿ. ಉಳಿದ ವಾರ್ತೆಗಳಲ್ಲಿ ಬಹುಭಾಗವನ್ನು ಅವರು ಓದದಿದ್ದರೂ ನಮಗೆ ಅಸಮಾಧಾನವಿಲ್ಲ. ಆ ಮಟ್ಟಿಗೆ ಡೊಬೆಲ್ಲಿಯ ಮಾತನ್ನು ನಾವು ಒಪ್ಪುತ್ತೇವೆ. ಆದರೆ ಆ ಒಂದನ್ನು ನಡುವೆ ಬಿಡಬಾರದು. ವರ್ಷದ ಕೊನೆಗೆ ಆ ಪುಸ್ತಕವನ್ನು ಕಾಲೇಜಿನ ಗ್ರಂಥಭಂಡಾರಕ್ಕೆ ಒಪ್ಪಿಸಿದರೆ, ಐವತ್ತು ವರ್ಷಗಳ ಮೇಲೆ ಆ ತಾಲ್ಲೂಕಿನ ಇತಿಹಾಸವನ್ನು ಬರೆಯಹೊರಟವರು ಬೇರೊಂದು ನಾಡಿನ ಹೆಸರನ್ನು ಕಡ ತರಬೇಕಾಗುವುದಿಲ್ಲ.